ನಾಯಿಯ ಚಿಗಟಕ್ಕೆ ಬೆಳೆಯ ವಿಷ ಬೇಡ

ಕಾಫಿ, ಕರಿಮೆಣಸು, ಭತ್ತಗಳಿಗೆ ತಗಲುವ ಕೀಟಗಳ ಬಗ್ಗೆ ಇಂಥ ಪತ್ರಿಕೆಗಳಲ್ಲಿ ಎಷ್ಟೋ ಲೇಖನಗಳು ಬಂದಿವೆ. ಮನೆಯ ನಾಯಿಗೆ ಹತ್ತುವ ಚಿಗಟದ ಬಗ್ಗೆ ಬಂದದ್ದು ತೀರ ಕಡಿಮೆ. ನಾಯಿ ಬೆಳೆಯಲ್ಲ, ಹಾಲು ಕೊಡುವ ಜಾನುವಾರೂ ಅಲ್ಲ. ಹೀಗಾಗಿ ಅದು ಯಾವ ವಿಭಾಗದ ಲೆಕ್ಕಕ್ಕೂ ಸೇರದೆ ಹೊರಗೆ ಉಳಿದಿದೆ. ಆದರೆ ಕೊಡಗಿನ ಬೆಳೆಗಾರರಿಗೆ ನಾಯಿ ಎಂದರೇನೆಂದು ಹೇಳಬೇಕಾಗಿಲ್ಲ. ವಿರಾಜಪೇಟೆಯ ಹತ್ತಿರದ ಬಿಟ್ಟಂಗಾಲದ ಸುತ್ತಮುತ್ತ ನೋಡಿ, ನಾಯಿಯಿಲ್ಲದ ತೋಟದ ಮನೆ ಸಿಗುವುದು ಕಷ್ಟ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗದ್ದೆ. ರಾತ್ರಿ ಗದ್ದೆಗೆ ಹಂದಿ ಇಳಿದರೂ ಅಂಗಳದಾಚೆ ಆನೆ ಬಂದರೂ ಮೊದಲು ತಿಳಿಸುವುದು ನಾಯಿಯೇ.

ಮಳೆ ಹಿಡಿಯಿತೆಂದರೆ ಈ ನಾಯಿ ಜಗಲಿಯ ಮೂಲೆಗೆ, ಸೌದೆ ಕೊಟ್ಟಿಗೆಗೆ, ಒಲೆಯ ಬದಿಗೆ ಸೇರುತ್ತದೆ. ಅದರೊಡನೆ ಚಿಗಟವೂ ಬರುತ್ತದೆ. ಕಕ್ಕಡ ತಿಂಗಳ ಹೊತ್ತಿಗೆ ಮನೆಯವರ ಕಣಕಾಲಿನ ಸುತ್ತ ಕೆಂಪು ಗಂಧೆಗಳು, ಮಕ್ಕಳಿಗೆ ರಾತ್ರಿಯಿಡೀ ತುರಿಕೆ, ನಾಯಿಯ ಬಾಲದ ಬುಡದಲ್ಲಿ ಕೂದಲು ಉದುರಿ ಹುಣ್ಣು. ಆಗ ನಮ್ಮ ಅನೇಕ ಬೆಳೆಗಾರರು ಮಾಡುವುದೇನು? ನೇರವಾಗಿ ಔಷಧಿ ಇಡುವ ಕೋಣೆಗೆ ಹೋಗಿ, ಗೆದ್ದಲಿಗೋ ಕಾಂಡಕೊರಕಕ್ಕೋ ತಂದು ಉಳಿದ ಕ್ಲೋರ್‌ಪೈರಿಫಾಸ್ ಬಾಟಲಿಯಿಂದ ಒಂದು ಮುಚ್ಚಳ ಬಕೆಟ್ ನೀರಿಗೆ ಬೆರೆಸಿ ನಾಯಿಯ ಮೈಮೇಲೆ ಸುರಿಯುತ್ತಾರೆ. ಕೆಲವರು ಅಷ್ಟಕ್ಕೂ ಕಾಯದೆ ಬಟ್ಟೆಯಲ್ಲಿ ಅದ್ದಿ ಹಾಗೆಯೇ ಒರೆಸುತ್ತಾರೆ. ನನ್ನ ಆಕ್ಷೇಪಣೆ ಇರುವುದು ಇದಕ್ಕೆ.

ನಾನು ಬೇಸಾಯ ಶಾಸ್ತ್ರದವನು, ಪಶುವೈದ್ಯನಲ್ಲ. ನಾಯಿಯ ಚಿಕಿತ್ಸೆ ಪಶುವೈದ್ಯರಿಗೆ ಬಿಟ್ಟ ವಿಷಯ. ಆದರೆ ಆ ಬಾಟಲಿ ನಿಮ್ಮ ಮನೆಗೆ ಬಂದದ್ದು ಬೆಳೆಗೆಂದು ನಮ್ಮಂಥವರು ಹೇಳಿದ ಮೇಲೆ. ಅದು ಎಲ್ಲಿಗೆ ಹೋಗಬಾರದು ಎಂಬುದನ್ನು ಹೇಳುವ ಹೊಣೆಯೂ ನಮ್ಮದೇ.

ಮೊದಲು ಮುಚ್ಚಳದ ಲೆಕ್ಕ ನೋಡೋಣ. ಬಾಟಲಿಯ ಮೇಲೆ 20 ಇ.ಸಿ. ಎಂದಿದ್ದರೆ ಒಂದು ಲೀಟರಿನಲ್ಲಿ 200 ಗ್ರಾಂ ಮೂಲ ವಿಷ ಇದೆ ಎಂದರ್ಥ. 10 ಮಿಲಿಲೀಟರಿನ ಒಂದು ಮುಚ್ಚಳದಲ್ಲಿ 2 ಗ್ರಾಂ. ಅದೇ ವಿಷ 50 ಇ.ಸಿ. ರೂಪದಲ್ಲೂ ಬರುತ್ತದೆ, ಆಗ ಅದೇ ಮುಚ್ಚಳದಲ್ಲಿ 5 ಗ್ರಾಂ. ಮುಚ್ಚಳ ಒಂದೇ, ಒಳಗಿನ ವಿಷ ಎರಡೂವರೆ ಪಟ್ಟು. ಸೈಪರ್‌ಮೆಥ್ರಿನ್ ಬೆರೆಸಿದ ಮಿಶ್ರಣಗಳೂ ಇವೆ. ಗದ್ದೆಗಾದರೆ ಎಕರೆಗೆ ಇಷ್ಟು, ನೀರಿಗೆ ಇಷ್ಟು ಎಂದು ಅಳೆದು ಹಾಕುವವರು ನಾಯಿಗೆ ಮಾತ್ರ ಕಣ್ಣಳತೆಯಲ್ಲಿ ಹಾಕುತ್ತಾರೆ. ಹದಿನೈದು ಕಿಲೋ ತೂಗುವ ನಾಯಿಗೂ ಒಂದೂವರೆ ಕಿಲೋ ತೂಗುವ ಮರಿಗೂ ಅದೇ ಬಕೆಟ್.

ಎರಡನೆಯದಾಗಿ, ಇ.ಸಿ. ರೂಪದ ಔಷಧಿಯಲ್ಲಿ ವಿಷದ ಜೊತೆಗೆ ಅದನ್ನು ಕರಗಿಸುವ ಪೆಟ್ರೋಲಿಯಂ ಜಾತಿಯ ದ್ರಾವಕವೂ ನೀರಿನಲ್ಲಿ ಬೆರೆಯುವಂತೆ ಮಾಡುವ ವಸ್ತುವೂ ಇರುತ್ತವೆ. ಇವು ವಿಷವನ್ನು ಚರ್ಮದೊಳಕ್ಕೆ ಸುಲಭವಾಗಿ ಇಳಿಸುತ್ತವೆ. ಚಿಗಟ ಕಚ್ಚಿದ ನಾಯಿಯ ಚರ್ಮವೋ ಮೊದಲೇ ಕೆರೆದು ಕೆರೆದು ಗಾಯವಾಗಿರುತ್ತದೆ. ಮೇಲಾಗಿ ನಾಯಿ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿ. ಹೊರಗೆ ಹಚ್ಚಿದ್ದೆಲ್ಲ ಒಳಗೂ ಹೋಗುತ್ತದೆ. ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಸಣ್ಣದಾಗುವುದು, ಮೈನಡುಕ, ಭೇದಿ, ಉಸಿರಾಟದ ತೊಂದರೆ ಇವು ವಿಷವೇರಿದ ಲಕ್ಷಣಗಳು. ಹೀಗಾದಾಗ ಹಾಲು ಕುಡಿಸುವುದು, ಎಣ್ಣೆ ಕುಡಿಸುವುದು ಬೇಡ. ಕೈಗೆ ರಬ್ಬರ್ ಚೀಲ ಹಾಕಿಕೊಂಡು ಸೋಪು ನೀರಿನಿಂದ ನಾಯಿಯ ಮೈ ತೊಳೆದು, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಪಶುವೈದ್ಯರ ಬಳಿಗೆ ಹೋಗಿ. ಯಾವ ವಿಷವೆಂದು ತಿಳಿದರೆ ಅಟ್ರೋಪಿನ್ ಮೊದಲಾದ ಪ್ರತಿವಿಷವನ್ನು ಅವರು ತಡವಿಲ್ಲದೆ ಕೊಡಬಲ್ಲರು.

“ಸಾರ್, ನಮ್ಮ ಅಪ್ಪ ನಾಯಿಗೆ ಬಿ.ಎಚ್.ಸಿ. ಪುಡಿ ಎರಚುತ್ತಿದ್ದರು, ಏನೂ ಆಗಲಿಲ್ಲವಲ್ಲ” ಎಂದು ಬಿಟ್ಟಂಗಾಲದ ಕಡೆಯ ಬೆಳೆಗಾರರೊಬ್ಬರು ಕೇಳಿದರು. ಈ ಮಾತನ್ನು ಬೇರೆ ಕಡೆಗಳಲ್ಲೂ ಕೇಳಿದ್ದೇನೆ. ಆ ಬಿ.ಎಚ್.ಸಿ.ಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಕಾಫಿಯ ಕಾಂಡಕೊರಕಕ್ಕೆ ಬಳಸುತ್ತಿದ್ದ ಲಿಂಡೇನ್ 2013ರಲ್ಲಿ ಹೋಯಿತು. ನಾಯಿಗೆ ಧಾರಾಳವಾಗಿ ಎರಚುತ್ತಿದ್ದ ಕಾರ್ಬರಿಲ್ ಪುಡಿ 2018ರ ಆದೇಶದಲ್ಲಿ ನಿಷೇಧಕ್ಕೆ ಒಳಗಾಯಿತು. ಏನೂ ಆಗಲಿಲ್ಲ ಎಂಬುದಕ್ಕೆ ಕಣ್ಣೆದುರಿಗೆ ನಾಯಿ ಸಾಯಲಿಲ್ಲ ಎಂಬುದಷ್ಟೇ ಅರ್ಥ. ಆ ನಾಯಿಯ ಬೆನ್ನು ಸವರಿದ ಕೈಯಲ್ಲೇ ಮನೆಯ ಮಕ್ಕಳು ರೊಟ್ಟಿ ತಿನ್ನುತ್ತಿದ್ದರೆಂಬುದನ್ನೂ ನೆನೆಯಬೇಕು. ಇಂಥ ಹಳೆಯ ಪುಡಿಯ ಡಬ್ಬ ಅಟ್ಟದ ಮೇಲೆ ಇನ್ನೂ ಉಳಿದಿದ್ದರೆ ಅದನ್ನು ಯಾವ ಕೆಲಸಕ್ಕೂ ಬಳಸಬೇಡಿ.

ಈಚೆಗೆ ಇನ್ನೊಂದು ಗೊಂದಲ ಸೇರಿದೆ. ಪಶುವೈದ್ಯರು ನಾಯಿಯ ಹೆಗಲಿನ ನಡುವೆ ಹಾಕುವ ಹನಿ ಔಷಧಿಯ ಚೀಟಿಯಲ್ಲಿ ಫಿಪ್ರೊನಿಲ್ ಎಂದಿರುತ್ತದೆ, ಇಲ್ಲವೇ ಇಮಿಡಾಕ್ಲೋಪ್ರಿಡ್ ಎಂದಿರುತ್ತದೆ. ಇವೇ ಹೆಸರುಗಳು ಭತ್ತದ, ತರಕಾರಿಯ ಔಷಧಿಗಳ ಮೇಲೂ ಇವೆ. ಹೆಸರು ಒಂದೇ ಆದ ಮೇಲೆ ಅಂಗಡಿಯ ದೊಡ್ಡ ಬಾಟಲಿಯಿಂದಲೇ ಎರಡು ಹನಿ ಹಾಕಿದರಾಯಿತು ಎಂಬ ಯೋಚನೆ ಬರುವುದು ಸಹಜ. ಆದರೆ ಹೆಸರು ಒಂದಾದ ಮಾತ್ರಕ್ಕೆ ಔಷಧಿ ಒಂದಲ್ಲ. ಪ್ರಮಾಣ ಬೇರೆ, ಜೊತೆಗಿರುವ ದ್ರಾವಕ ಬೇರೆ. ನಾಯಿಯ ತೂಕಕ್ಕೆ ತಕ್ಕಂತೆ ಅಳೆದ ಹನಿ ಬೇರೆ, ಪಂಪಿಗೆ ಹಾಕುವ ಔಷಧಿ ಬೇರೆ. ಬೆಕ್ಕಿನ ವಿಷಯವನ್ನಂತೂ ಪ್ರತ್ಯೇಕವಾಗಿ ಹೇಳಬೇಕು. ನಾಯಿ ತಡೆದುಕೊಳ್ಳುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ.

ಇಷ್ಟೆಲ್ಲ ವಿಷ ಸುರಿದರೂ ಚಿಗಟ ಹೋಗುವುದಿಲ್ಲವೆಂಬುದು ನಿಮಗೇ ತಿಳಿದಿದೆ. ಹದಿನೈದು ದಿನಕ್ಕೆ ಮತ್ತೆ ಹಾಜರು. ಏಕೆಂದರೆ ನಾವು ಔಷಧಿ ಹಾಕುತ್ತಿರುವ ಜಾಗವೇ ತಪ್ಪು. ನಾಯಿಯ ಮೈಮೇಲೆ ಕಾಣುವುದು ಚಿಗಟದ ಸಂಸಾರದಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ ಎಂದು ಕೀಟತಜ್ಞರ ಅಂದಾಜು. ಉಳಿದ ತೊಂಬತ್ತೈದು ಪಾಲು ಮೊಟ್ಟೆ, ಮರಿಹುಳು, ಗೂಡುಗಳಾಗಿ ನೆಲದಲ್ಲಿದೆ. ಕಳೆಯ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾದೀತು. ಮೇಲಿನ ಗಿಡ ಎಷ್ಟು ಕೊಯ್ದರೂ ಮಣ್ಣಿನಲ್ಲಿ ಬಿದ್ದ ಬೀಜ ಇರುವ ತನಕ ಪಾರ್ಥೇನಿಯಂ ಮತ್ತೆ ಮತ್ತೆ ಹುಟ್ಟುತ್ತಲೇ ಇರುತ್ತದಲ್ಲವೇ?

ಚಿಗಟದ ಜೀವನಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ. ಹತೋಟಿಯ ದಾರಿ ಅದರಲ್ಲೇ ಇದೆ. ಹೆಣ್ಣು ಚಿಗಟ ನಾಯಿಯ ರಕ್ತ ಕುಡಿದು ದಿನಕ್ಕೆ 20ರಿಂದ 40ರ ತನಕ ಮೊಟ್ಟೆ ಇಡುತ್ತದೆ. ಮೊಟ್ಟೆ ಬಿಳಿ, ಅರ್ಧ ಮಿಲಿಮೀಟರಿನಷ್ಟು, ಅಂಟಿಲ್ಲದ್ದು. ಆದ್ದರಿಂದ ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಎಲ್ಲಿ ಮಲಗುತ್ತದೋ, ಎಲ್ಲಿ ಮೈ ಕೊಡವುತ್ತದೋ ಅಲ್ಲಿ ಉದುರುತ್ತದೆ. ಹತ್ತೇ ಹೆಣ್ಣು ಚಿಗಟ, ದಿನಕ್ಕೆ ಇಪ್ಪತ್ತೇ ಮೊಟ್ಟೆ ಎಂದು ಹಿಡಿದರೂ ತಿಂಗಳಿಗೆ ಆರು ಸಾವಿರವಾಯಿತು. ಕೆಲವೇ ದಿನಗಳಲ್ಲಿ ಮೊಟ್ಟೆ ಒಡೆದು ಕಾಲಿಲ್ಲದ, ನೂಲಿನಂಥ ಮರಿಹುಳು ಬರುತ್ತದೆ. ಅದಕ್ಕೆ ಬೆಳಕು ಆಗದು. ಬಿರುಕು, ಧೂಳು, ಗೋಣಿಯ ಅಡಿ ಹುಡುಕಿ ಇಳಿಯುತ್ತದೆ. ಅದರ ಆಹಾರ ದೊಡ್ಡ ಚಿಗಟಗಳು ವಿಸರ್ಜಿಸಿದ ಒಣ ರಕ್ತ. ಗಾಳಿಯಲ್ಲಿ ತೇವ ಶೇಕಡಾ 50ಕ್ಕಿಂತ ಕೆಳಗೆ ಇಳಿದರೆ ಅದು ಒಣಗಿ ಸಾಯುತ್ತದೆ. ಬಿಸಿಲಿನ ಝಳಕ್ಕೂ ಉಳಿಯುವುದಿಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಪ್ರಕೃತಿಯೇ ಮಾಡುವ ಈ ಕೆಲಸ ಕೊಡಗಿನ ಮಳೆಗಾಲದಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಜಗಲಿಯ ಗಾಳಿ ಚಿಗಟದ ಮರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಆಮೇಲೆ ಮರಿಹುಳು ರೇಷ್ಮೆಹುಳುವಿನಂತೆ ನೂಲು ತೆಗೆದು ಗೂಡು ಕಟ್ಟುತ್ತದೆ. ಗೂಡಿಗೆ ಮಣ್ಣು, ಮರಳು ಅಂಟಿಕೊಳ್ಳುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಔಷಧಿ ಸಹ ಅದರೊಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಒಳಗೆ ಬೆಳೆದ ಚಿಗಟ ಕೂಡಲೇ ಹೊರಗೆ ಬರಲೇಬೇಕೆಂದಿಲ್ಲ. ನೆಲದ ಅದುರುವಿಕೆ, ಮೈಯ ಬಿಸಿ, ಉಸಿರಿನ ಗಾಳಿ ತಗಲುವ ತನಕ ತಿಂಗಳುಗಟ್ಟಲೆ ಕಾಯಬಲ್ಲದು. ಅನುಕೂಲವಿದ್ದರೆ ಮೂರು-ನಾಲ್ಕು ವಾರಗಳಲ್ಲಿ ಮುಗಿಯುವ ಚಕ್ರ, ಅನುಕೂಲವಿಲ್ಲದಾಗ ನಾಲ್ಕೈದು ತಿಂಗಳು ಎಳೆಯುತ್ತದೆ. ಪುತ್ತರಿಗೋ ಕೈಲ್‌ಪೊಳ್ದಿಗೋ ಊರಿಗೆ ಬಂದು, ತಿಂಗಳುಗಳಿಂದ ಮುಚ್ಚಿದ್ದ ಐನ್‌ಮನೆಯ ಬಾಗಿಲು ತೆರೆದು ಕಾಲಿಟ್ಟ ಕೂಡಲೇ ಮೊಣಕಾಲ ತನಕ ಚಿಗಟ ಮುತ್ತುವುದು ಇದೇ ಕಾರಣಕ್ಕೆ. ನಾಯಿಯೋ ಬೆಕ್ಕೋ ಹಿಂದೆಂದೋ ಅಲ್ಲಿ ಮಲಗಿ ಹೋಗಿದ್ದರೆ ಸಾಕು. ನಿಮ್ಮ ಹೆಜ್ಜೆಯ ಸದ್ದಿಗೇ ಆ ಗೂಡುಗಳು ಬಿರಿಯುತ್ತವೆ.

ಇಲ್ಲಿಯೇ ವಿಷದ ಪ್ರಮಾಣ ಏರುವುದಕ್ಕೂ ಕಾರಣವಿದೆ. ಪಶುವೈದ್ಯರಿಂದ ಸರಿಯಾದ ಔಷಧಿಯನ್ನೇ ತಂದು ಹಾಕಿದರೂ ಎರಡು-ಮೂರು ವಾರ ಹೊಸ ಚಿಗಟ ಕಾಣುತ್ತಲೇ ಇರುತ್ತದೆ. ನೆಲದಲ್ಲಿದ್ದ ಗೂಡುಗಳು ಬಿರಿಯುತ್ತಿವೆ, ಅಷ್ಟೇ. ಹೊರಬಂದ ಚಿಗಟ ನಾಯಿಯ ಮೇಲೆ ಹಾರಿ ಔಷಧಿ ತಗಲಿ ಸಾಯುತ್ತದೆ. ಇದು ತಿಳಿಯದೆ “ಔಷಧಿ ಹಿಡಿಯಲಿಲ್ಲ” ಎಂದು ಮನೆಯವರು ಬೇಸತ್ತು ಇನ್ನೂ ಜೋರಾದ ಬಾಟಲಿಗೆ ಕೈಹಾಕುತ್ತಾರೆ. ಹೀಗೆ ಮಾಡಬೇಡಿ. ಪಶುವೈದ್ಯರು ಹೇಳಿದ ಅಂತರದಲ್ಲಿ ಕಡಿಮೆಯೆಂದರೆ ಮೂರು ತಿಂಗಳು ಎಡೆಬಿಡದೆ ಮುಂದುವರಿಸಿ. ಆ ಅವಧಿಯಲ್ಲಿ ನಾಯಿಯನ್ನು ಮನೆಯಿಂದ ಹೊರಗೆ ಅಟ್ಟುವುದೂ ತಪ್ಪು ಎಂದು ನನ್ನ ಅಭಿಪ್ರಾಯ. ಔಷಧಿ ಹಾಕಿದ ನಾಯಿ ಎಂದಿನ ಜಾಗದಲ್ಲೇ ಓಡಾಡಲಿ, ಮಲಗಲಿ. ಅದೇ ನಿಮ್ಮ ಬಲೆ. ನಾಯಿಯನ್ನು ಅಟ್ಟಿದರೆ ಹಸಿದ ಚಿಗಟಕ್ಕೆ ಉಳಿಯುವುದು ನಿಮ್ಮ ಮಕ್ಕಳ ಕಾಲು.

ನೆಲದ ಕೆಲಸಕ್ಕೆ ಖರ್ಚಿಲ್ಲ, ಬೇಕಾದದ್ದು ಶ್ರಮ ಮಾತ್ರ. ಮೊದಲು ನಾಯಿ ದಿನವೂ ಎಲ್ಲೆಲ್ಲಿ ಮಲಗುತ್ತದೆ ಎಂದು ಒಂದು ವಾರ ಗಮನಿಸಿ. ಮೂರು-ನಾಲ್ಕು ಜಾಗಕ್ಕಿಂತ ಹೆಚ್ಚಿರುವುದಿಲ್ಲ. ಇಡೀ ಅಂಗಳಕ್ಕೆ ಔಷಧಿ ಹೊಡೆಯುವುದು ದಂಡ. ಬಿಸಿಲು ಮಳೆ ಬೀಳುವ ಬಯಲಿನಲ್ಲಿ ಚಿಗಟದ ಮರಿ ಉಳಿಯುವುದು ಅಪರೂಪ. ಮಳೆಹನಿ ಬೀಳದ, ಬಿಸಿಲೂ ತಾಗದ ಜಾಗವೇ ಅದರ ಮನೆ: ಜಗಲಿಯ ಕೆಳಗಿನ ಹುಡಿಮಣ್ಣು, ಸೌದೆ ರಾಶಿಯ ಬುಡ, ಗೊಬ್ಬರದ ಚೀಲಗಳ ಹಿಂದಿನ ಮೂಲೆ, ಜೀಪು ನಿಲ್ಲಿಸುವ ಮಾಡಿನ ಅಡಿ. ಅಲ್ಲಿನ ಹುಡಿಮಣ್ಣನ್ನು ಎರಡು ಅಂಗುಲ ಕೆರೆದು ತೆಗೆದು ದೂರದ ಗುಂಡಿಯಲ್ಲಿ ಹೂಳಿ, ಹೊಸ ಮಣ್ಣು ಹಾಕಿ ಗಟ್ಟಿಸಿ. ಸಾಧ್ಯವಾದರೆ ನಾಯಿ ಮಲಗುವ ಮೂಲೆಗೆ ಸಿಮೆಂಟ್ ಗಾರೆ ಮಾಡಿಸಿ. ಗಾರೆಯ ನೆಲವನ್ನು ಕುದಿಯುವ ನೀರಿನಿಂದ ತೊಳೆಯಬಹುದು. ಹಲಗೆಯ ನೆಲಕ್ಕೆ ಕುದಿನೀರು ಸಲ್ಲದು. ಅಲ್ಲಿ ಸಂದುಗಳಿಂದ ಧೂಳನ್ನು ಕಡ್ಡಿಯಿಂದ ಕೆದಕಿ ತೆಗೆದು, ಮೇಣವೋ ಪುಟ್ಟಿಯೋ ಹಾಕಿ ಸಂದು ಮುಚ್ಚಬೇಕು. ಗುಡಿಸಿದ ಕಸವನ್ನು ಮೂಲೆಯಲ್ಲಿ ಕೂಡಿಡದೆ ಅಂದೇ ಸುಡಿ.

ನಾಯಿಗೆ ಹಾಸುವ ಹಳೆಯ ಕಾಫಿ ಗೋಣಿಯ ಬಗ್ಗೆ ಎರಡು ಮಾತು. ಒಂದೇ ಗೋಣಿಯನ್ನು ವರ್ಷಗಟ್ಟಲೆ ಬಿಡುವುದಕ್ಕಿಂತ ಚಿಗಟಕ್ಕೆ ದೊಡ್ಡ ಉಪಕಾರ ಬೇರೆ ಇಲ್ಲ. ಎರಡು ಗೋಣಿ ಇಟ್ಟುಕೊಳ್ಳಿ, ವಾರಕ್ಕೊಮ್ಮೆ ಬದಲಿಸಿ. ತೆಗೆದದ್ದನ್ನು ಬೇಸಿಗೆಯಲ್ಲಿ ಇಡೀ ದಿನ ಬಿಸಿಲಿಗೆ ಹರಡಿ, ಆದರೆ ಕಾಫಿ ಒಣಗಿಸುವ ಕಣದಲ್ಲಿ ಬೇಡ. ಮಳೆಗಾಲದಲ್ಲಿ ಬಿಸಿಲಿಗೆ ಕಾಯುವಂತಿಲ್ಲ; ಸ್ನಾನದ ಹಂಡೆಯ ಕುದಿನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ. ಭತ್ತದ ಹುಲ್ಲು ಹಾಸುವವರು ವಾರವಾರ ಹುಲ್ಲು ತೆಗೆದು ಕಾವೇರುವ ಹಸಿ ಗೊಬ್ಬರದ ಗುಂಡಿಯ ನಡುವೆ ಹಾಕಿದರೆ ಆ ಕಾವಿಗೇ ಎಲ್ಲ ಸಾಯುತ್ತದೆ. ಲಕ್ಕಿ ಸೊಪ್ಪು ಹಾಸುವವರಿದ್ದಾರೆ. ಹಾಸಲಿ, ಕೆಡುಕಿಲ್ಲ, ಆದರೆ ಅದರ ವಾಸನೆಯನ್ನು ನಂಬಿ ಗುಡಿಸುವುದನ್ನು ಬಿಡಬಾರದು. ಸೀಮೆಎಣ್ಣೆ, ಸುಟ್ಟ ಸುಣ್ಣ, ತಂಬಾಕಿನ ಕಷಾಯ ಈ ಮೂರೂ ಬೇಡ. ಮೊದಲ ಎರಡು ಚರ್ಮ ಸುಡುತ್ತವೆ, ತಂಬಾಕಿನ ನಿಕೋಟಿನ್ ವಿಷವೇ ಸರಿ.

ಎಂಟು ವಾರ ತುಂಬದ ಮರಿಗಳಿಗೆ ಫಿಪ್ರೊನಿಲ್ ಹನಿಯನ್ನೂ ಹಾಕುವಂತಿಲ್ಲ. ಆದರೆ ಚಿಗಟದಿಂದ ಹೆಚ್ಚು ಸಾಯುವುದು ಮರಿಗಳೇ. ಅಷ್ಟು ಸಣ್ಣ ಮೈಯಿಂದ ನೂರಾರು ಚಿಗಟ ರಕ್ತ ಹೀರಿದರೆ ಒಸಡು ಬಿಳಿಚಿಕೊಂಡು ಮರಿ ಸೊರಗುತ್ತದೆ. ಮೇಕೆಯ ಮರಿ, ಎಳಗರುಗಳಿಗೂ ಹೀಗಾಗುವುದುಂಟು. ಬೆಚ್ಚಗಿನ ಸೋಪು ನೀರಿನಲ್ಲಿ ಮೈ ತೊಳೆದು, ಹೇನಿನ ಬಾಚಣಿಗೆಯಿಂದ ಬಾಚಿ, ಬಂದ ಚಿಗಟವನ್ನು ಸೋಪು ನೀರಿನ ಬಟ್ಟಲಿಗೆ ಹಾಕಿ, ಒಲೆಯ ಹತ್ತಿರ ಚೆನ್ನಾಗಿ ಒಣಗಿಸಿ. ತಾಯಿನಾಯಿಯ ಚಿಕಿತ್ಸೆಗೆ ಪಶುವೈದ್ಯರನ್ನು ಕೇಳಿ. ಚಿಗಟ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಬಾಚಣಿಗೆಯಲ್ಲಿ ಬಂದ ಕರಿಯ ಹುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಬಟ್ಟೆಗೆ ಕೆಂಪು ಹರಡಿದರೆ ಅದು ಮಣ್ಣಲ್ಲ, ಚಿಗಟ ಬಿಟ್ಟ ರಕ್ತ.

ಚಿಗಟವನ್ನೂ ಉಣ್ಣೆಯನ್ನೂ ಒಂದೇ ಎಂದು ತಿಳಿದವರಿದ್ದಾರೆ. ಉಣ್ಣೆಗೆ, ಅಂದರೆ ಉಣುಗಿಗೆ, ಎಂಟು ಕಾಲು. ಹಾರುವುದಿಲ್ಲ, ಕಚ್ಚಿದಲ್ಲೇ ಊದಿಕೊಂಡು ಕೂರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ, ಚಿಗಟದಿಂದಲ್ಲ. ಪ್ಲೇಗಿನ ಹೆಸರು ಕೇಳಿ ಹೆದರುವವರಿಗೂ ಒಂದು ಮಾತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅದನ್ನು ಹರಡಿದ್ದು ಮುಖ್ಯವಾಗಿ ಇಲಿಯ ಚಿಗಟ. ಅದೇ ವರ್ಷ ಕರಾಚಿಯಲ್ಲಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಇದನ್ನು ತೋರಿಸಿಕೊಟ್ಟರು. ಇಲಿ ಬಿದ್ದ ಮನೆಯನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ನಮ್ಮ ಹಿರಿಯರು ಕಾರಣ ತಿಳಿಯದೆಯೂ ಸರಿಯಾದದ್ದನ್ನೇ ಮಾಡಿದರು. ನಾಯಿಯ ಚಿಗಟದಿಂದ ನಮ್ಮ ಮನೆಗಳಿಗೆ ಬರುವ ತೊಂದರೆ ಬೇರೆ, ಅದು ಲಾಡಿಹುಳು. ಹುಳುವಿನ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ. ಆ ಚಿಗಟವನ್ನು ನಾಯಿ ನುಂಗುತ್ತದೆ. ನಾಯಿಯೊಡನೆ ಆಡುವ ಮಗುವಿನ ಬಾಯಿಗೂ ಒಮ್ಮೊಮ್ಮೆ ಹೋಗುತ್ತದೆ. ನಾಯಿಯ ಹಿಂಭಾಗದಲ್ಲಿ ಅಕ್ಕಿಕಾಳಿನಂಥ ಚೂರುಗಳು ಕಂಡರೆ ಚಿಗಟದ ಔಷಧಿಯೊಡನೆ ಹುಳುವಿನ ಔಷಧಿಯೂ ಬೇಕು. ಹೇಗೂ ಪಶುವೈದ್ಯರಲ್ಲಿಗೆ ಹೋಗುವಾಗ ರೇಬಿಸ್ ಲಸಿಕೆ ಹಾಕಿಸಿದ್ದು ಯಾವಾಗ ಎಂದೂ ನೆನಪು ಮಾಡಿಕೊಳ್ಳಿ.

ಕೊನೆಯದಾಗಿ ತೋಟದ ಮಾಲೀಕರಿಗೆ ಒಂದು ಮಾತು. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಈಗ ಬಂದಿರುವ ಒಳ್ಳೆಯ ಮಾತ್ರೆಗಳಲ್ಲಿ ಕೆಲವು ಒಂದು ತಿಂಗಳು, ಕೆಲವು ಮೂರು ತಿಂಗಳ ತನಕ ಕೆಲಸ ಮಾಡುತ್ತವೆ. ಆದರೆ ದೀರ್ಘಕಾಲ ಕೆಲಸ ಮಾಡುವ ಮಾತ್ರೆಯ ಬೆಲೆ ತೋಟದ ಕೆಲಸದವರ ಒಂದು ದಿನದ ಕೂಲಿಯನ್ನು ಮೀರುತ್ತದೆ. ಬಂಗಲೆಯ ನಾಯಿಗೆ ಮಾತ್ರೆ, ಲೈನ್ ಮನೆಯ ನಾಯಿಗೆ ಏನೂ ಇಲ್ಲ. ಎರಡೂ ನಾಯಿಗಳು ಹಗಲೆಲ್ಲ ಒಂದೇ ತೋಟದಲ್ಲಿ ಜೊತೆಯಾಗಿ ತಿರುಗುತ್ತವೆ. ಲೈನ್ ಮನೆಯ ಹತ್ತಡಿ ಕೋಣೆಯಲ್ಲಿ ನೆಲದ ಮೇಲೆ ಮಲಗುವ ಮಕ್ಕಳಿಗೆ ಕಚ್ಚುವ ಚಿಗಟವೇ ನಾಳೆ ನಿಮ್ಮ ಜಗಲಿಗೂ ಬರುತ್ತದೆ. ಅವರ ಕೈಗೆ ಸುಲಭವಾಗಿ ಸಿಗುವುದು ನಿಮ್ಮ ಪಂಪಿನ ತಳದಲ್ಲಿ ಉಳಿದ ಔಷಧಿ. ಅದನ್ನು ಸೊಂಟಕ್ಕಿಂತ ಕೆಳಗಿನ ಮಕ್ಕಳಿರುವ ಕೋಣೆಗೆ ಒಯ್ದು ನೆಲಕ್ಕೂ ನಾಯಿಗೂ ಚಿಮುಕಿಸುತ್ತಾರೆ. ಇದನ್ನು ತಿಳಿವಳಿಕೆಯ ಮಾತಿನಿಂದ ಮಾತ್ರ ತಡೆಯಲಾಗದು. ಲೈನಿನ ನಾಯಿಗಳ ಔಷಧಿಯ ಖರ್ಚನ್ನು ತೋಟದ ಲೆಕ್ಕದಲ್ಲೇ ಹಾಕಿ, ಔಷಧಿಯ ಕೋಣೆಗೆ ಬೀಗ ಹಾಕಿ, ಕೀಲಿ ನಿಮ್ಮಲ್ಲೇ ಇರಲಿ. ಅಂದಂದಿನ ಸಿಂಪರಣೆಗೆ ಬೇಕಾದಷ್ಟನ್ನೇ ಅಳೆದುಕೊಡಿ. ನಾಯಿ ತೊಳೆದ ವಿಷದ ನೀರು ತೋಡಿಗೆ, ಕೆರೆಗೆ ಹೋದರೆ ಮೀನು, ಏಡಿಗಳು ಸಾಯುವುದೂ ಉಂಟು.

ಈ ಕೆಲಸಕ್ಕೆ ತಕ್ಕ ಕಾಲ ಏಪ್ರಿಲ್ ಕೊನೆ, ಮೇ ತಿಂಗಳು. ಹೂಮಳೆ ಮುಗಿದು ಮುಂಗಾರು ಹಿಡಿಯುವ ಮುನ್ನ ಇನ್ನೂ ಬಿಸಿಲಿರುತ್ತದೆ, ಸೌದೆ ಕೊಟ್ಟಿಗೆಯನ್ನು ಹೇಗೂ ಮಳೆಗಾಲಕ್ಕೆ ಸಜ್ಜು ಮಾಡಬೇಕಾಗಿರುತ್ತದೆ. ಹಳೆಯ ಸೌದೆ ಹೊರಗೆ ಹಾಕಿ, ಬುಡದ ಮಣ್ಣು ಕೆರೆದು, ಹೊಸ ಸೌದೆ ಒಟ್ಟುವ ಮೊದಲು ನೆಲ ಒಣಗಲು ನಾಲ್ಕು ದಿನ ಬಿಡಿ. ಬಂಗಲೆ, ಲೈನು ಎನ್ನದೆ ತೋಟದ ಎಲ್ಲ ನಾಯಿಗಳಿಗೂ ಆ ವಾರವೇ ಒಟ್ಟಿಗೆ ಔಷಧಿ ಹಾಕಿಸಿ. ಅಕ್ಕಪಕ್ಕದ ತೋಟದವರಿಗೂ ತಿಳಿಸಿ. ಪಶುವೈದ್ಯರಿಗೆ ನಾಯಿಗಳ ಸಂಖ್ಯೆಯನ್ನೂ ಒಂದೊಂದರ ಸುಮಾರು ತೂಕವನ್ನೂ ಮೊದಲೇ ಬರೆದು ಕೊಟ್ಟರೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತದೆ.